ಕಡಲಿಗಿಳಿಯುವ ಮುನ್ನ: ನೇತ್ರಾಣಿ ಪ್ರವಾಸದ ಸಿದ್ಧತೆ

ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದವರೆಲ್ಲರೂ ಕಡಲಿನ ಒಳಗನ್ನು ಕಂಡವರಲ್ಲ. ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರಗಳ ಕಡೆಯಿಂದ ಮುಂಬಯಿಗೆ ಬಂದು ನೆಲೆಸಿದ ಅಸಂಖ್ಯ ಕುಟುಂಬಗಳಿಗೆ ಸಮುದ್ರವೆಂದರೆ ಅನ್ನ ಕೊಡುವ ತಾಯಿ. ಮಳೆಗಾಲದ ರಾತ್ರಿಗಳಲ್ಲಿ ಮೊರೆಯುವ ನೆರೆಮನೆ. ಊರಿಗೆ ಹೋದಾಗ ಸಂಜೆಯ ಹೊತ್ತು ಕಾಲು ತೋಯಿಸಿಕೊಳ್ಳುವ ತೀರ. ಅಲೆಗಳ ಅಡಿಯಲ್ಲಿ ಇನ್ನೊಂದು ಲೋಕವಿದೆಯೆಂಬುದನ್ನು ಹಿರಿಯರು ಬಲ್ಲರಾದರೂ ಅದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗೆ ಒದಗಿದ್ದು ಕಡಿಮೆ.

ಇಂದು ಆ ಭಾಗ್ಯ ಸಾಮಾನ್ಯರ ಕೈಗೂ ಎಟುಕುವಂತಾಗಿದೆ. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಅರಬ್ಬೀ ಸಮುದ್ರದ ನಡುವೆ ನೇತ್ರಾಣಿ ಎಂಬ ಪುಟ್ಟ ದ್ವೀಪವಿದೆ. ಮೇಲಿನಿಂದ ನೋಡಿದರೆ ಹೃದಯದ ಆಕಾರ. ಬಂಡೆಗಳ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದುಗಳ ವಾಸ. ಬಂಡೆಗಳ ಬುಡದ ನೀರಿನಲ್ಲಿ ಹವಳ, ಗಿಳಿಮೀನು, ಚಿಟ್ಟೆಮೀನುಗಳ ಸಂಸಾರ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಬೇಸಗೆ ಮುಗಿಯುವವರೆಗೂ ಅಲ್ಲಿಗೆ ಸ್ಕೂಬಾ ಡೈವಿಂಗ್‌ಗಾಗಿ ದೋಣಿಗಳು ಹೋಗುತ್ತವೆ. ಪುನೀತ್ ರಾಜಕುಮಾರ್ ಅವರು 2021ರಲ್ಲಿ ಅಗಲಿದ ಮೇಲೆ, 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ ಚಿತ್ರದಲ್ಲಿ ನೇತ್ರಾಣಿಯ ನೀರೊಳಗಿನ ನೋಟಗಳನ್ನು ಕಂಡ ಎಷ್ಟೋ ಕನ್ನಡಿಗರ ಮನಸ್ಸಿನಲ್ಲಿ ‘ನಾವೂ ಒಮ್ಮೆ ಇಳಿಯಬೇಕು’ ಎಂಬ ಆಸೆ ಚಿಗುರಿದ್ದರೆ ಅದು ಸಹಜವೇ.

ಆಸೆ ತಪ್ಪಲ್ಲ. ಆದರೆ ಆಸೆಯನ್ನು ಕಾರ್ಯಕ್ಕಿಳಿಸುವ ಕ್ರಮದಲ್ಲಿ ತಪ್ಪಬಹುದು. ನಾಲ್ಕೈದು ಕುಟುಂಬಗಳು ಸೇರಿ ಹೊರಡುವ ಪ್ರವಾಸ ಸಾಮಾನ್ಯವಾಗಿ ಹೇಗೆ ರೂಪುಗೊಳ್ಳುತ್ತದೆ? ಮೊದಲು ಕಚೇರಿಯ ರಜೆ, ಆಮೇಲೆ ರೈಲಿನ ಟಿಕೆಟ್ಟು, ಬಳಿಕ ವಸತಿಗೃಹದ ಕೋಣೆ, ಕೊಲ್ಲೂರು, ಇಡಗುಂಜಿ, ಗೋಕರ್ಣಗಳ ದೇವರ ದರ್ಶನ. ಇಷ್ಟೆಲ್ಲ ಗೊತ್ತಾದ ಮೇಲೆ ಉಳಿದ ಕೊನೆಯ ಅರ್ಧ ದಿನದಲ್ಲಿ ಡೈವಿಂಗ್! ಬೆಳಗ್ಗೆ ಸಮುದ್ರದ ತಳ, ಸಂಜೆ ವಿಮಾನ. ಕಾಗದದ ಮೇಲೆ ಇದು ಅಚ್ಚುಕಟ್ಟಾಗಿಯೇ ಕಾಣುತ್ತದೆ. ಆದರೆ ಮನುಷ್ಯನ ದೇಹ ಟಿಕೆಟ್ಟಿನ ವೇಳಾಪಟ್ಟಿಯನ್ನು ಕೇಳುವುದಿಲ್ಲ. ಡೈವಿಂಗ್ ಒಂದನ್ನು ಮೊದಲು ನಿಶ್ಚಯಿಸಿಕೊಂಡು ಮಿಕ್ಕ ಪ್ರವಾಸವನ್ನು ಅದರ ಸುತ್ತ ಹೆಣೆಯಬೇಕೇ ಹೊರತು ಪ್ರವಾಸದ ಸಂದಿಯಲ್ಲಿ ಅದನ್ನು ತುರುಕಬಾರದು. ಇದಕ್ಕೆ ಕಾರಣ ನೀರಿನ ಭಾರದಲ್ಲಿದೆ.

ನೀರಿನ ಭಾರ

ನೆಲದ ಮೇಲೆ ಓಡಾಡುವ ಎಲ್ಲರ ಮೇಲೂ ಒಂದು ವಾಯುಮಂಡಲದಷ್ಟು ಒತ್ತಡವಿರುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಇನ್ನೊಂದು ವಾಯುಮಂಡಲದಷ್ಟು ಒತ್ತಡ ಸೇರುತ್ತ ಹೋಗುತ್ತದೆ. ಅಂದರೆ 10 ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿ, 20 ಮೀಟರ್ ಆಳದಲ್ಲಿ ಮುಮ್ಮಡಿ. ಒತ್ತಡ ಹೆಚ್ಚಿದಷ್ಟೂ ಗಾಳಿ ಕುಗ್ಗುತ್ತದೆಂಬುದು 17ನೆಯ ಶತಮಾನದಲ್ಲಿ ರಾಬರ್ಟ್ ಬಾಯ್ಲ್ ನಿರೂಪಿಸಿದ ನಿಯಮ. ದೇಹದ ಬಹುಭಾಗ ನೀರಿನಿಂದಲೇ ಆದುದರಿಂದ ಕೈಕಾಲುಗಳಿಗೆ ಈ ಒತ್ತಡ ತಿಳಿಯುವುದೇ ಇಲ್ಲ. ತಿಳಿಯುವುದು ಗಾಳಿ ತುಂಬಿದ ಎಡೆಗಳಿಗೆ: ಕಿವಿಯ ಒಳಭಾಗ, ಮೂಗಿನ ಸುತ್ತಲ ಸೈನಸ್ ಕುಳಿಗಳು ಮತ್ತು ಶ್ವಾಸಕೋಶ.

ಘಾಟಿಯ ರಸ್ತೆಯಲ್ಲಿ ಬಸ್ಸು ಇಳಿಯುವಾಗ ಕಿವಿ ಗವ್ವೆನ್ನುವುದು ಎಲ್ಲರ ಅನುಭವ. ನೀರಿನಲ್ಲಿ ಅದೇ ಅನುಭವ ಒಂದೆರಡು ಮೀಟರ್ ಇಳಿಯುವಷ್ಟರಲ್ಲೇ, ಹಲವು ಪಟ್ಟು ತೀವ್ರವಾಗಿ ಬರುತ್ತದೆ. ಮೂಗನ್ನು ಹಿಡಿದು ಮೆಲ್ಲಗೆ ಉಸಿರನ್ನು ಒತ್ತಿದರೆ ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ನಾಳ ತೆರೆದು ಒತ್ತಡ ಸಮವಾಗುತ್ತದೆ. ಇಟಲಿಯ ಅಂಗರಚನಾತಜ್ಞ ಅಂಟೋನಿಯೊ ವಾಲ್ಸಾಲ್ವನ ಹೆಸರಿನಿಂದ ಪ್ರಸಿದ್ಧವಾದ ಈ ಉಪಾಯವನ್ನು ನೋವು ಬಂದ ಮೇಲಲ್ಲ, ನೋವು ಬರುವ ಮೊದಲೇ, ಇಳಿಯುತ್ತಿರುವಷ್ಟೂ ಹೊತ್ತು ಮತ್ತೆ ಮತ್ತೆ ಮಾಡಬೇಕು. ನೋವನ್ನು ನುಂಗಿಕೊಂಡು ಇಳಿದರೆ ಕಿವಿತಮಟೆ ಹರಿಯಬಹುದು. ನೆಗಡಿಯಾದವರಲ್ಲಿ ಈ ನಾಳವೇ ಕಟ್ಟಿಕೊಂಡಿರುತ್ತದೆ. ಆದುದರಿಂದ ನೆಗಡಿಯಿದ್ದವರು ಅಂದು ನೀರಿಗಿಳಿಯಬಾರದು. ಮೂಗಿಗೆ ಔಷಧದ ಹನಿ ಬಿಟ್ಟುಕೊಂಡು ಇಳಿಯುವವರೂ ಉಂಟು. ಔಷಧದ ಪ್ರಭಾವ ಆಳದಲ್ಲಿರುವಾಗಲೇ ಇಳಿದುಹೋದರೆ, ಮೇಲೇರುವಾಗ ಹಿಗ್ಗಿದ ಗಾಳಿಗೆ ಹೊರಬರಲು ದಾರಿಯಿಲ್ಲದಾಗಿ ಪೇಚಿಗೆ ಸಿಲುಕಬೇಕಾಗುತ್ತದೆ.

ಶ್ವಾಸಕೋಶದ ವಿಷಯದಲ್ಲಿ ನಿಯಮ ಒಂದೇ: ಸ್ಕೂಬಾ ಉಪಕರಣದಿಂದ ಉಸಿರಾಡುತ್ತಿರುವಾಗ ಯಾವ ಕಾರಣಕ್ಕೂ ಉಸಿರು ಬಿಗಿಹಿಡಿಯಬಾರದು. 10 ಮೀಟರ್ ಆಳದಲ್ಲಿ ಎಳೆದುಕೊಂಡ ಎದೆತುಂಬ ಗಾಳಿ ಮೇಲೆ ಬರುವಷ್ಟರಲ್ಲಿ ಇಮ್ಮಡಿಯಾಗಿ ಹಿಗ್ಗುತ್ತದೆ. ಹೆದರಿದವರು ಸಹಜವಾಗಿ ಮಾಡುವ ಎರಡು ಕೆಲಸಗಳೆಂದರೆ ಉಸಿರು ಕಟ್ಟುವುದು ಮತ್ತು ಮೇಲಕ್ಕೆ ಧಾವಿಸುವುದು. ಈ ಎರಡೂ ಒಟ್ಟಾದರೆ ಶ್ವಾಸಕೋಶಕ್ಕೆ ಪೆಟ್ಟಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ‘ಹತ್ತು ಮೀಟರ್ ತಾನೇ’ ಎಂಬ ಉದಾಸೀನ ಸಲ್ಲದು; ಗಾಳಿಯ ಗಾತ್ರ ಅತ್ಯಂತ ವೇಗವಾಗಿ ಬದಲಾಗುವುದು ಆ ಮೊದಲ ಹತ್ತು ಮೀಟರಿನಲ್ಲೇ.

ಗೋಲಿ ಸೋಡಾದ ಪಾಠ

ಇನ್ನೊಂದು ಅಪಾಯ ನೀರಿನಿಂದ ಹೊರಬಂದ ಮೇಲೂ ಬೆನ್ನು ಬಿಡದು. ಸಿಲಿಂಡರಿನಲ್ಲಿರುವುದು ಕೇವಲ ಆಮ್ಲಜನಕವೆಂದು ಹಲವರ ಭಾವನೆ. ಸಾಮಾನ್ಯವಾಗಿ ಅದರಲ್ಲಿರುವುದು ಒತ್ತಿ ತುಂಬಿದ ಸಾದಾ ಗಾಳಿ. ಅದರ ಐದರಲ್ಲಿ ನಾಲ್ಕು ಪಾಲಿನಷ್ಟು ಸಾರಜನಕ. ಆಳದ ಒತ್ತಡದಲ್ಲಿ ಈ ಸಾರಜನಕ ರಕ್ತದಲ್ಲೂ ಅಂಗಾಂಶಗಳಲ್ಲೂ ಕರಗುತ್ತದೆ. ಒತ್ತಡ ನಿಧಾನವಾಗಿ ಕಡಿಮೆಯಾದರೆ ಉಸಿರಿನ ಮೂಲಕ ಸದ್ದಿಲ್ಲದೆ ಹೊರಹೋಗುತ್ತದೆ. ಒಮ್ಮೆಲೇ ಕಡಿಮೆಯಾದರೆ ಏನಾಗುತ್ತದೆಂಬುದನ್ನು ಗೋಲಿ ಸೋಡಾ ಕುಡಿದವರೆಲ್ಲರೂ ಬಲ್ಲರು. ಗೋಲಿಯನ್ನು ಒತ್ತಿದ ಕೂಡಲೇ ಅಲ್ಲಿಯವರೆಗೆ ನಿಶ್ಚಲವಾಗಿದ್ದ ನೀರಿನಲ್ಲಿ ಗುಳ್ಳೆಗಳು ಬುಸುಗುಟ್ಟಿಕೊಂಡು ಏಳುತ್ತವೆ. ಅಂಥ ಗುಳ್ಳೆಗಳು ಮೈಯೊಳಗೇ ಎದ್ದರೆ ಕೀಲುಗಳಲ್ಲಿ ನೋವು, ಚರ್ಮದಲ್ಲಿ ತುರಿಕೆ, ಕೈಕಾಲು ಜೋಮು, ತಲೆಸುತ್ತು, ಕೆಲವೊಮ್ಮೆ ಪಾರ್ಶ್ವವಾಯು ಕೂಡ ಉಂಟಾಗಬಹುದು. ಇದಕ್ಕೆ ಡಿಕಂಪ್ರೆಷನ್ ಕಾಯಿಲೆ ಎಂದು ಹೆಸರು. ಬ್ರಿಟನ್ನಿನ ಶರೀರಕ್ರಿಯಾ ವಿಜ್ಞಾನಿ ಜೆ. ಎಸ್. ಹಾಲ್ಡೇನ್ ಮತ್ತು ಸಂಗಡಿಗರು ಆಡುಗಳ ಮೇಲೆ ಪ್ರಯೋಗ ನಡೆಸಿ, ಹಂತಹಂತವಾಗಿ ಮೇಲೇರುವ ಕ್ರಮವನ್ನು 1908ರಲ್ಲಿ ಪ್ರಕಟಿಸಿದರು. ಇಂದಿಗೂ ಶಿಕ್ಷಕರು ಶಿಷ್ಯರನ್ನು ನಿಧಾನವಾಗಿ ಮೇಲಕ್ಕೆ ಕರೆತರುವುದರ ಹಿಂದೆ ಆ ಸಂಶೋಧನೆಯ ಫಲವಿದೆ.

ಒಮ್ಮೆ ಇಳಿದು ಬರುವ, ಆಳವೂ ಹೆಚ್ಚಿಲ್ಲದ ಹೊಸಬರಿಗೆ ಈ ಕಾಯಿಲೆ ಬರುವ ಸಂಭವ ಕಡಿಮೆ. ಆದರೆ ನೀರಿನಿಂದೆದ್ದು ಒಡನೆಯೇ ವಿಮಾನವೇರಿದರೆ ಸಂಭವ ಹೆಚ್ಚುತ್ತದೆ. ಹಾರುತ್ತಿರುವ ವಿಮಾನದೊಳಗಿನ ಒತ್ತಡ ಸುಮಾರು 8000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿದಿರಬಹುದು. ಅರ್ಧ ತೆರೆದ ಸೋಡಾ ಬಾಟಲಿಯನ್ನು ಪೂರ್ತಿ ತೆರೆದಂತೆಯೇ ಸರಿ. ಆದುದರಿಂದ ಒಂದೇ ಸಲ ಇಳಿದವರು ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಸಲ ಅಥವಾ ಹಲವು ದಿನ ಇಳಿದವರು ಕನಿಷ್ಠ 18 ಗಂಟೆ ವಿಮಾನವೇರದಿರಬೇಕೆಂಬುದು ‘ಡೈವರ್ಸ್ ಅಲರ್ಟ್ ನೆಟ್‌ವರ್ಕ್’ ಸಂಸ್ಥೆಯ ಸಲಹೆ. ಹಲವರು ಕೂಡಿ ಹೋಗುವಾಗ ಈ ಲೆಕ್ಕದ ಗೊಂದಲವೇ ಬೇಡವೆಂದು ಎಲ್ಲರಿಗೂ ಒಂದೇ ನಿಯಮವಾಗಿ 24 ಗಂಟೆ ಇಟ್ಟುಕೊಳ್ಳುವುದು ವಿವೇಕ.

ಎತ್ತರವೆಂದರೆ ವಿಮಾನವೊಂದೇ ಅಲ್ಲ. ಮುರುಡೇಶ್ವರಕ್ಕೆ ಹೋದವರು ಮೂಕಾಂಬಿಕೆಯ ದರ್ಶನ ಮುಗಿಸಿ ಕೊಡಚಾದ್ರಿಗೂ ಹೋಗಿಬರುವುದುಂಟು. ಕೊಡಚಾದ್ರಿಯ ಎತ್ತರ 1343 ಮೀಟರ್. ಬೆಳಗ್ಗೆ ಕಡಲೊಳಗೆ ಇಳಿದು ಮಧ್ಯಾಹ್ನ ಜೀಪಿನಲ್ಲಿ ಆ ಬೆಟ್ಟ ಹತ್ತುವುದು ಸಲ್ಲದು. ಬೆಟ್ಟ ಮೊದಲಾಗಲಿ, ಕಡಲು ಆಮೇಲಾಗಲಿ. ಇಲ್ಲವೇ ನಡುವೆ ಒಂದು ದಿನದ ಅಂತರವಿರಲಿ. ಈ ದೃಷ್ಟಿಯಿಂದ ಮುಂಬಯಿ ಕನ್ನಡಿಗರು ಅದೃಷ್ಟವಂತರು. 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗ ದೊಡ್ಡ ಘಾಟಿಗಳನ್ನು ಏರದೆ ಕರಾವಳಿಯ ಮಗ್ಗುಲಲ್ಲೇ ಅವರನ್ನು ಊರಿಗೆ ಕೊಂಡೊಯ್ದು ಮರಳಿ ತರುತ್ತದೆ. ಪುಣೆಯವರು ಮಾತ್ರ ಖಂಡಾಲಾ ಘಾಟಿ ಏರಬೇಕಾದುದರಿಂದ ಗಂಟೆಗಳ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ದಿನಗಳ ಜೋಡಣೆ

ಇಷ್ಟನ್ನು ತಿಳಿದುಕೊಂಡರೆ ನಾಲ್ಕು ದಿನಗಳ ಪ್ರವಾಸವನ್ನು ಜೋಡಿಸುವುದು ಕಷ್ಟವಲ್ಲ. ಮುಂಬಯಿಯ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟು ಬೆಳಗಾಗುವುದರೊಳಗೆ ಮುರುಡೇಶ್ವರ ಸೇರಿದ ತಂಡ, ಮೊದಲನೆಯ ದಿನವನ್ನು ವಿಶ್ರಾಂತಿಗೆ ಮೀಸಲಿಡಬೇಕು. ರೈಲಿನ ನಿದ್ದೆ ನಿದ್ದೆಯಲ್ಲ. ಅದೇ ಕೆಂಪು ಕಣ್ಣಿನಲ್ಲಿ ದೋಣಿ ಹತ್ತಬಾರದು. ಕಂದುಕಗಿರಿಯ ಶಿವನ ದರ್ಶನ, ಸಂಜೆ ತೀರದಲ್ಲೊಂದು ಸುತ್ತು, ಹಿತಮಿತವಾದ ಊಟ, ಬೇಗ ನಿದ್ದೆ. ರಜೆಯ ಮೊದಲ ರಾತ್ರಿಯೆಂಬ ನೆಪದಲ್ಲಿ ಮದ್ಯಪಾನದ ಗೋಷ್ಠಿ ಏರ್ಪಟ್ಟರೆ ಮರುದಿನದ ಡೈವಿಂಗ್ ರದ್ದಾಯಿತೆಂದೇ ತಿಳಿಯಬೇಕು. ಮದ್ಯ ಮೈಯ ನೀರನ್ನು ಒಣಗಿಸುತ್ತದೆ, ಬುದ್ಧಿಯನ್ನು ಮಂದಗೊಳಿಸುತ್ತದೆ. ಕಡಲೊಳಗೆ ಬೇಕಾದುದು ಇವೆರಡೇ.

ಎರಡನೆಯ ದಿನ ಬೆಳಗ್ಗೆ ನೇತ್ರಾಣಿ. ದೋಣಿಯ ಪಯಣ ಒಂದು ಗಂಟೆಗೂ ಮೀರಬಹುದು. ಅಲೆಗಳ ಕುಲುಕಾಟಕ್ಕೆ ವಾಕರಿಕೆ ಬರುವವರು ಹಲವರು. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಇಲ್ಲಿ ಪಾಲಿಸಬೇಕು. ಬರಿಹೊಟ್ಟೆಯೂ ಬೇಡ, ಎಣ್ಣೆಯಲ್ಲಿ ಕರಿದ ಪೂರಿ, ಬನ್ಸುಗಳೂ ಬೇಡ. ಎರಡು ಇಡ್ಲಿ, ಒಂದು ಬಾಳೆಹಣ್ಣು, ಸಾಕಷ್ಟು ನೀರು. ವಾಕರಿಕೆಯ ಮಾತ್ರೆಗಳಲ್ಲಿ ಕೆಲವು ನಿದ್ದೆ ತರಿಸುವುದರಿಂದ ಯಾವುದನ್ನು ನುಂಗಬೇಕೆಂಬುದನ್ನು ಊರಿನಲ್ಲೇ ವೈದ್ಯರಿಂದ ತಿಳಿದುಕೊಂಡಿರಬೇಕು.

ಮೂರನೆಯ ದಿನವನ್ನು ಖಾಲಿ ಬಿಡುವುದೇ ಇಡೀ ಯೋಜನೆಯ ಗುಟ್ಟು. ಎರಡನೆಯ ದಿನ ಗಾಳಿಯೆದ್ದು ದೋಣಿ ಹೊರಡದಿದ್ದರೆ ಮೂರನೆಯ ದಿನ ಕೈಯಲ್ಲಿರುತ್ತದೆ. ‘ಇವತ್ತು ಬಿಟ್ಟರೆ ಮತ್ತಿಲ್ಲ’ ಎಂಬ ಸ್ಥಿತಿಯಲ್ಲಿ ಮನುಷ್ಯ ತೆಗೆದುಕೊಳ್ಳುವ ನಿರ್ಧಾರ ಒಳ್ಳೆಯದಾಗಿರುವುದು ಅಪರೂಪ. ಡೈವಿಂಗ್ ಮುಗಿದಿದ್ದರೆ ಆ ದಿನ ಹೊನ್ನಾವರದ ಶರಾವತಿ ಹಿನ್ನೀರಿನಲ್ಲಿ ದೋಣಿವಿಹಾರ, ಇಡಗುಂಜಿಯ ಗಣಪತಿಯ ದರ್ಶನ ಮೊದಲಾದ, ಬೆಟ್ಟವೇರದ ಕಾರ್ಯಕ್ರಮಗಳಿಗೆ ಸಲ್ಲಲಿ. ನಾಲ್ಕನೆಯ ದಿನ ರೈಲು. ಸುಮಾರು 150 ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗಿ ವಿಮಾನ ಹಿಡಿಯುವವರಿಗೂ, ಮೂರನೆಯ ದಿನವೇ ನೀರಿಗಿಳಿದಿದ್ದರೂ, ಮಧ್ಯಾಹ್ನ ಮೀರಿದ ವಿಮಾನಕ್ಕೆ 24 ಗಂಟೆಗಳ ಅಂತರ ಸಿಗುತ್ತದೆ.

ವೈದ್ಯರಲ್ಲಿ ಮುಚ್ಚುಮರೆ ಬೇಡ

ಒಂದು ದಿನದ ಪರಿಚಯ ಡೈವಿಂಗ್‌ಗೆ ಈಜು ಬರಲೇಬೇಕೆಂಬ ನಿಯಮವಿಲ್ಲ. ಶಿಕ್ಷಕರು ಪಕ್ಕದಲ್ಲೇ ಇದ್ದು 12 ಮೀಟರ್ ಮೀರದ ಆಳದಲ್ಲಿ ಕರೆದೊಯ್ಯುತ್ತಾರೆ. ಪ್ರಮಾಣಪತ್ರ ಕೊಡುವ ಮೊದಲ ಹಂತದ ಶಿಕ್ಷಣಕ್ಕೆ ಮೂರು ನಾಲ್ಕು ದಿನ ಬೇಕು, ಈಜಿನ ಪರೀಕ್ಷೆಯೂ ಉಂಟು. ಅದನ್ನು ಪಡೆದವರು 18 ಮೀಟರಿನವರೆಗೆ ಇಳಿಯಬಹುದು. ಎರಡಕ್ಕೂ ಸಾಮಾನ್ಯವಾಗಿ ಹತ್ತು ವರ್ಷ ತುಂಬಿರಬೇಕು. ನೀರಿಗಿಳಿಯುವ ಮುನ್ನ ಎಲ್ಲರ ಕೈಗೂ ಆರೋಗ್ಯದ ಪ್ರಶ್ನಾವಳಿಯೊಂದು ಬರುತ್ತದೆ. ಇಡೀ ಪ್ರವಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕಾಗದವೇ ಅದು. ದುರ್ದೈವವೆಂದರೆ ಎಲ್ಲಕ್ಕಿಂತ ಅವಸರದಲ್ಲಿ ತುಂಬಿಸಲ್ಪಡುವ ಕಾಗದವೂ ಅದೇ. ದೋಣಿ ಹೊರಡಲು ಹತ್ತು ನಿಮಿಷವಿದೆ, ಹಣ ಕಟ್ಟಿಯಾಗಿದೆ, ಜೊತೆಯವರು ಆಗಲೇ ನಗುನಗುತ್ತ ಚಿತ್ರ ತೆಗೆಸಿಕೊಳ್ಳುತ್ತಿದ್ದಾರೆ. ಅಂಥ ಹೊತ್ತಿನಲ್ಲಿ ‘ಉಬ್ಬಸವಿದೆಯೇ?’ ಎಂಬ ಪ್ರಶ್ನೆಗೆ ‘ಹೌದು’ ಎಂದು ಬರೆಯಲು ಎಷ್ಟು ಜನರ ಕೈ ಮುಂದಾದೀತು?

ಆದುದರಿಂದ ಆ ಪ್ರಶ್ನಾವಳಿಯನ್ನು ಡೈವಿಂಗ್ ಕೇಂದ್ರದಿಂದ ಒಂದು ತಿಂಗಳು ಮೊದಲೇ ತರಿಸಿಕೊಂಡು, ಮನೆಯಲ್ಲಿ ಕುಳಿತು ಓದಿ, ಒಂದು ಪ್ರಶ್ನೆಗಾದರೂ ‘ಹೌದು’ ಎಂಬ ಉತ್ತರ ಬಂದರೆ ವೈದ್ಯರ ಬಳಿಗೆ ಹೋಗಬೇಕು. ಮೂರ್ಛೆರೋಗವಿರುವವರು, ಹಿಂದೆಂದಾದರೂ ತಾನಾಗಿಯೇ ಶ್ವಾಸಕೋಶದಿಂದ ಗಾಳಿ ಸೋರಿ ಎದೆಯಲ್ಲಿ ತುಂಬಿದ್ದವರು, ಗರ್ಭಿಣಿಯರು ಸ್ಕೂಬಾ ಡೈವಿಂಗ್‌ಗೆ ಇಳಿಯಬಾರದು. ಉಬ್ಬಸ, ಮಧುಮೇಹ, ರಕ್ತದೊತ್ತಡ, ಕಿವಿಯ ಶಸ್ತ್ರಕ್ರಿಯೆ ಇವುಗಳ ವಿಷಯದಲ್ಲಿ ವೈದ್ಯರ ಮಾತೇ ಕೊನೆಯ ಮಾತು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ನೀರಿನಡಿಯಲ್ಲಿ ರಕ್ತದ ಸಕ್ಕರೆ ತಟ್ಟನೆ ಇಳಿದರೆ ಸಹಾಯಕ್ಕೆ ಕೂಗಲು ಕೂಡ ಆಗದು. ಹೃದಯದ ವಿಷಯವಂತೂ ಅತಿ ಗಂಭೀರ. ಡೈವಿಂಗ್ ಸಾವುಗಳಲ್ಲಿ, ವಿಶೇಷವಾಗಿ ನಡುವಯಸ್ಸು ದಾಟಿದವರಲ್ಲಿ, ಹೃದ್ರೋಗದ ಪಾಲು ದೊಡ್ಡದು. ನಗರದ ಕುರ್ಚಿಯ ಉದ್ಯೋಗದಲ್ಲಿ ಎರಡು ಮಹಡಿ ಹತ್ತಲು ಏದುಸಿರು ಬಿಡುವ ನಲವತ್ತೈದು ದಾಟಿದವರು, ಧೂಮಪಾನಿಗಳು, ಸ್ಟೆಂಟ್ ಹಾಕಿಸಿಕೊಂಡವರು ಹೃದಯತಜ್ಞರ ಒಪ್ಪಿಗೆಯಿಲ್ಲದೆ ಹೊರಡಬಾರದು.

ಡೈವಿಂಗ್ ಆದ ದಿನ ಅಥವಾ ಮರುದಿನ ಕೀಲುನೋವು, ಜೋಮು, ವಿಪರೀತ ಆಯಾಸ ಕಾಣಿಸಿಕೊಂಡರೆ ಪ್ರಯಾಣದ ದಣಿವೆಂದು ಎಣ್ಣೆ ತಿಕ್ಕಿ ಮಲಗಿಸುವುದು ನಮ್ಮ ಮನೆಗಳ ವಾಡಿಕೆ. ಹಾಗೆ ಮಾಡಬಾರದು. ರೋಗಿಯನ್ನು ಮಲಗಿಸಿ, ಸಾಧ್ಯವಾದರೆ ಶುದ್ಧ ಆಮ್ಲಜನಕ ಕೊಡಿಸಿ, ವೈದ್ಯರಿಗೆ ಮೊದಲ ಮಾತಾಗಿ ‘ಇವರು ನಿನ್ನೆ ಕಡಲೊಳಗೆ ಇಳಿದಿದ್ದರು’ ಎಂದು ತಿಳಿಸಬೇಕು. ಈ ಕಾಯಿಲೆಗೆ ನಿಜವಾದ ಚಿಕಿತ್ಸೆ ಹೆಚ್ಚು ಒತ್ತಡದ ವಿಶೇಷ ಕೊಠಡಿಯಲ್ಲಿ ನಡೆಯುತ್ತದೆ. ಅಂಥ ಕೊಠಡಿ ಅತಿ ಸಮೀಪದಲ್ಲಿ ಎಲ್ಲಿದೆ, ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ ಎಂಬೆರಡು ಪ್ರಶ್ನೆಗಳನ್ನು ಹಣ ಕಟ್ಟುವ ಮೊದಲೇ ಡೈವಿಂಗ್ ಕೇಂದ್ರದವರಿಗೆ ಕೇಳಬೇಕು. ಉತ್ತರಿಸಲು ತಡವರಿಸುವವರ ಸಂಗಡ ನೀರಿಗಿಳಿಯದಿರುವುದೇ ಲೇಸು.

‘ಬೇಡ’ವೆನ್ನುವ ಸ್ವಾತಂತ್ರ್ಯ

ಗುಂಪಿನ ಪ್ರವಾಸದ ಸೊಗಸು ಗುಂಪಿನಲ್ಲೇ ಇದೆ. ಅದರ ಅಪಾಯವೂ ಅಲ್ಲೇ ಇದೆ. ಒಬ್ಬರೇ ಹೋಗಿದ್ದರೆ ಹಿಂಜರಿಯುತ್ತಿದ್ದವರು ಹತ್ತು ಜನರ ನಡುವೆ ಹಿಂಜರಿಯಲು ನಾಚುತ್ತಾರೆ. ಭಾವನ ಮುಂದೆ ಮೈದುನ, ಮಗನ ಮುಂದೆ ತಂದೆ, ಕಚೇರಿಯ ಕಿರಿಯರ ಮುಂದೆ ಮೇಲಧಿಕಾರಿ ಹೆದರಿಕೆಯನ್ನು ಮುಚ್ಚಿಡುತ್ತಾರೆ. ‘ಅಷ್ಟು ದುಡ್ಡು ಕಟ್ಟಿ ಈಗ ಬೇಡವೆಂದರೆ ಹೇಗೆ?’ ಎಂಬ ಒಂದು ತಮಾಷೆಯ ಮಾತು ನೆಗಡಿಯಿದ್ದವನನ್ನು ನೀರಿಗೆ ತಳ್ಳಬಲ್ಲದು.

ಇದಕ್ಕೆ ಉಪದೇಶ ಸಾಲದು, ಏರ್ಪಾಡು ಬೇಕು. ಹೊರಡುವ ಮೊದಲೇ ತಂಡದಲ್ಲಿ ಎರಡು ಒಪ್ಪಂದಗಳಾಗಲಿ. ಮೊದಲನೆಯದು, ಕೊನೆಯ ಗಳಿಗೆಯಲ್ಲಿ ಹಿಂದೆಗೆದವರ ಹಣವನ್ನು ಕೇಂದ್ರದವರು ಹಿಂದಿರುಗಿಸದಿದ್ದರೆ ಆ ನಷ್ಟವನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳುವುದು. ಎರಡನೆಯದು, ಹಿಂದೆಗೆದವರನ್ನು ಯಾರೂ ಕಾರಣ ಕೇಳದಿರುವುದು. ದೋಣಿಯಲ್ಲಿ ಕುಳಿತ ಮೇಲೂ, ನೀರಿಗಿಳಿದ ಮೇಲೂ, ಐದು ಮೀಟರ್ ಆಳದಲ್ಲೂ ‘ಸಾಕು’ ಎನ್ನುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ನೀರಿನೊಳಗೆ ಅದಕ್ಕೊಂದು ಸನ್ನೆಯೂ ಉಂಟು: ಹೆಬ್ಬೆರಳನ್ನು ಮೇಲೆತ್ತಿ ತೋರಿಸುವುದು. ನೆಲದ ಮೇಲೆ ‘ಭೇಷ್’ ಎಂದಾಗುವ ಈ ಸನ್ನೆಗೆ ನೀರಿನಲ್ಲಿ ‘ಮೇಲೆ ಹೋಗೋಣ’ ಎಂದೇ ಅರ್ಥ. ಎಲ್ಲ ಸರಿಯಿದೆಯೆಂದು ಹೇಳಲು ಹೆಬ್ಬೆರಳು ತೋರುಬೆರಳುಗಳನ್ನು ಕೂಡಿಸಿ ಉಂಗುರ ಮಾಡಬೇಕು. ಇದು ತಿಳಿಯದೆ ಶಿಕ್ಷಕರಿಗೆ ಹೆಬ್ಬೆರಳು ತೋರಿಸಿ ಮೇಲಕ್ಕೆ ಬಂದವರು, ಬಂದದ್ದರಿಂದ ಕಳೆದುಕೊಂಡದ್ದೇನೂ ಇಲ್ಲ.

ದಡದಲ್ಲಿ ಉಳಿದವರು

ಹದಿನಾರು ಜನರ ತಂಡದಲ್ಲಿ ಆರು ಜನ ನೀರಿಗಿಳಿದರೆ ಹತ್ತು ಜನ ದಡದಲ್ಲಿರುತ್ತಾರೆ. ಡೈವಿಂಗ್‌ಗೆ ಇಷ್ಟೆಲ್ಲ ಎಚ್ಚರ ವಹಿಸಿ ದಡವನ್ನು ಮರೆತರೆ ಅನರ್ಥ. 2024ರ ಡಿಸೆಂಬರ್‌ನಲ್ಲಿ ಇದೇ ಮುರುಡೇಶ್ವರದ ತೀರಕ್ಕೆ ಶಾಲಾ ಪ್ರವಾಸದಲ್ಲಿ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. ಅವರು ಯಾವ ಆಳಕ್ಕೂ ಇಳಿದವರಲ್ಲ. ತೀರದಲ್ಲಿ ಆಡಲು ಬಂದ ಮಕ್ಕಳು. ಕಡಲು ಆಳದಲ್ಲಿ ಮಾತ್ರ ಅಪಾಯಕಾರಿಯೆಂಬ ಭ್ರಮೆಯನ್ನು ಆ ದುರಂತ ಅಳಿಸಬೇಕು. ಕೆಂಪು ಬಾವುಟವಿದ್ದೆಡೆ, ಜೀವರಕ್ಷಕರಿಲ್ಲದೆಡೆ ಯಾರೂ ನೀರಿಗಿಳಿಯಬಾರದು. ಮಕ್ಕಳ ಮೇಲೆ ಕಣ್ಣಿಡಲು ಒಬ್ಬ ಹಿರಿಯರನ್ನು ಹೆಸರು ಹೇಳಿಯೇ ನೇಮಿಸಬೇಕು. ‘ಎಲ್ಲರೂ ನೋಡಿಕೊಳ್ಳುತ್ತಾರೆ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲವೆಂದೇ ಅರ್ಥ. ದೋಣಿಯಲ್ಲಿ ಹೋದವರ ಹೆಸರು, ಮರಳುವ ವೇಳೆ, ಅವರು ಸೇವಿಸುವ ಔಷಧಗಳ ಪಟ್ಟಿ, ಕೇಂದ್ರದ ದೂರವಾಣಿ ಸಂಖ್ಯೆ ಇವು ದಡದಲ್ಲಿರುವ ಇನ್ನೊಬ್ಬ ಹೊಣೆಗಾರರ ಕಿಸೆಯಲ್ಲಿರಬೇಕು.

ಇಷ್ಟು ಸಿದ್ಧತೆ ನಡೆದ ಮೇಲೆ ಕಡಲಿಗಿಳಿಯುವುದು ನಿಜಕ್ಕೂ ಆನಂದ. ಬೆನ್ನಿಗೆ ಸಿಲಿಂಡರು, ಬಾಯಲ್ಲಿ ಉಸಿರಿನ ಕೊಳವೆ. 1943ರಲ್ಲಿ ಫ್ರಾನ್ಸಿನಲ್ಲಿ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾನ್ ಎಂಬಿಬ್ಬರು ರೂಪಿಸಿದ ಉಪಕರಣದ ವಂಶಕ್ಕೆ ಸೇರಿದ್ದು ಅದು. ಹವಳವನ್ನು ಮುಟ್ಟದೆ, ಮೀನನ್ನು ಬೆನ್ನಟ್ಟದೆ, ತನ್ನ ಉಸಿರಿನ ಸದ್ದನ್ನು ತಾನೇ ಕೇಳುತ್ತ ಬಂಡೆಯ ಮಗ್ಗುಲಲ್ಲಿ ತೇಲುವ ಆ ಅರ್ಧ ಗಂಟೆಯಲ್ಲಿ ಮಹಾನಗರದ ಗದ್ದಲ ಎಲ್ಲೋ ದೂರ ಸರಿಯುತ್ತದೆ. ತವರೂರಿನ ಕಡಲು ಮೊದಲ ಬಾರಿಗೆ ತನ್ನ ಒಳಮನೆಯ ಬಾಗಿಲನ್ನು ತೆರೆಯುತ್ತದೆ.

ಆ ಮನೆಗೆ ಹೋದವರೆಲ್ಲರೂ ನಗುತ್ತ ಮರಳಿ ದಡ ಸೇರಿ, ಸಂಜೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಂತಾದರೆ ಆ ಪ್ರವಾಸ ಸಾರ್ಥಕ. ನೀರಿಗಿಳಿದವರು ಎಷ್ಟು ಜನರೆಂಬ ಲೆಕ್ಕ ಅಲ್ಲಿ ಮುಖ್ಯವಲ್ಲ. ಪಂಕ್ತಿಯಲ್ಲಿ ಒಂದು ಎಲೆಯೂ ಖಾಲಿಯಾಗಿ ಉಳಿಯದಿರುವುದು ಮುಖ್ಯ.